ಕ್ಯಾಮರಾಕ್ಕೆ ಮುಂಚಿನ ಮುಖ

...ಅಯ್ಯೋ, ಉರಿಯೋದಿಲ್ಲ ಟೀಚರ್! ಮೊದಲು ತಣ್ಣಗೆ, ಆಮೇಲೆ ಒಂಚೂರು ಚುರುಚುರು, ಅಷ್ಟೇ. ಹಿಂದೆ ಸರೀಬೇಡಿ. ಈ ಕುರ್ಚಿ ಕಾಲು ಲಟಪಟ ಅನ್ನುತ್ತೆ, ನೀವು ಬಿದ್ದರೆ ಬೈಗುಳ ನನಗೆ. ಗದ್ದ ಸ್ವಲ್ಪ ಮೇಲೆ... ಹಾಂ, ಹಾಗೆ. ಕಣ್ಣಿನ ಕೆಳಗಿನ ಏಟು ಹಳೇದು, ಹಳದಿಗೆ ತಿರುಗಿದೆ, ಅದು ಸುಲಭ. ದವಡೆ ಮೇಲಿನದು ಹೊಸದು. ನಿನ್ನೆದಾ? ಹೇಳಬೇಡಿ ಬಿಡಿ. ನೀವು ಹೇಳೋದಿಲ್ಲ ಅಂತ ಇಡೀ ಟಿವಿ ಸ್ಟೇಷನ್ನಿಗೇ ಗೊತ್ತು. ನಿನ್ನೆ ಕ್ಯಾಮರಾ ಮುಂದೆ ಕೂರಿಸಿದರೆ ಒಂದಕ್ಷರ ಬಾಯಿ ಬಿಡಲಿಲ್ಲವಂತೆ! ಎದುರಿನ ಪರದೆ ಮೇಲೆ ನೀವು ಓದಬೇಕಾದ್ದು ಓಡ್ತಾನೇ ಇತ್ತಂತೆ, ಓಡಿ ಓಡಿ ಮುಗಿದೇ ಹೋಯ್ತಂತೆ, ನೀವು ಸುಮ್ಮನೆ ನೋಡ್ತಾ ಕೂತಿದ್ರಂತೆ. ಬಸ್ಸು ಹೋಗೋದನ್ನ ನೋಡೋ ಹಾಗೆ! ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಅದೇ ಪಿಸಪಿಸ.

ಅದಕ್ಕೇ ಇವತ್ತು ನನ್ನ ಕೈಗೆ ಕೊಟ್ಟಿದ್ದಾರೆ. ಊಟ ಆದ ಮೇಲೆ ಇನ್ನೊಂದ್ಸಲ ಕೂರಿಸ್ತಾರೆ. ಕಾವಲಿನವನು ಒಳಗೇ ನಿಲ್ತೀನಿ ಅಂದ, ನಾನೇ ಆಚೆ ಹಾಕಿದೆ. ನಿನ್ನ ಉಸಿರು ಕನ್ನಡಿಗೆ ಬಡಿಯುತ್ತೆ, ನನಗೆ ಬಣ್ಣ ಕಾಣೋದಿಲ್ಲ, ನಡಿ ಅಂದೆ. ಈಗ ಬಾಗಿಲಿಗೆ ಒರಗಿಕೊಂಡು ಮೊಬೈಲಿನಲ್ಲಿ ಆಟ ಆಡ್ತಿದ್ದಾನೆ, ಟಿಂಗ್ ಟಿಂಗ್ ಅಂತಿದೆ, ಕೇಳಿಸ್ತಾ? ಆಡಲಿ. ಪಾಪ, ಅವನಿಗೂ ಹೊತ್ತು ಹೋಗಬೇಕಲ್ಲ.

ಕನ್ನಡಿ ನೋಡಬೇಡಿ. ನನ್ನನ್ನ ನೋಡಿ. ಅಷ್ಟೊಂದು ನೋಡಬೇಡಿ ಮತ್ತೆ, ನನಗೇ ದೃಷ್ಟಿ ಆದೀತು!

ನಾನು ಮೊದಲು ನಾಟಕ ಕಂಪನೀಲಿದ್ದೆ ಟೀಚರ್. ಅಲ್ಲಿ ನನ್ನ ಕೆಲಸ ಏನು ಗೊತ್ತಾ? ಗಾಯ ಮಾಡೋದು! ಹೂಂ ಮತ್ತೆ. ಯುದ್ಧದ ದೃಶ್ಯಕ್ಕೆ ಒಬ್ಬೊಬ್ಬನಿಗೂ ಒಂದೊಂದು ಗಾಯ. ನಡುವೆ ನೀಲಿ, ಸುತ್ತ ನೇರಳೆ, ಅಂಚಿಗೆ ಒಂದೇ ಒಂದು ಚೂರು ಹಸಿರು. ಒಂದ್ಸಲ ನಾಯಕನ ತಾಯಿ ಮುಂದಿನ ಸಾಲಿನಿಂದ ಎದ್ದು, ‘ಯಾವನೋ ನನ್ನ ಮಗನ್ನ ಹೊಡೆದವನು’ ಅಂತ ಸೀದಾ ರಂಗದ ಮೇಲೇ ಹತ್ತಿಬಿಟ್ಟರು! ಹಾಗೆ ಮಾಡ್ತಿದ್ದೆ. ಈಗಲೂ ಅದೇ ಕೈ, ಅದೇ ಡಬ್ಬಿ. ಆಗ ಬರೀತಿದ್ದೆ, ಈಗ ಅಳಿಸ್ತೀನಿ. ಕೆಲಸ ಕೆಲಸವೇ ತಾನೆ... ಅಲ್ವಾ?

ಇರಿ, ಡ್ರೈಯರ್ ಹಾಕ್ತೀನಿ. ಕೂದಲು ಒಣಗಿಸೋಕಲ್ಲ, ಇದು ಭರ್ರೋ ಅನ್ನೋವರೆಗೂ ಗೋಡೆಗೆ ನಮ್ಮ ಮಾತು ಕೇಳಿಸೋದಿಲ್ಲ. ನಮ್ಮಲ್ಲಿ ಎಲ್ಲರೂ ಹೀಗೇ. ಈ ಕೋಣೇಲಿ ಡ್ರೈಯರ್ ಶಬ್ದ ಬಂದರೆ ಆಚೆಯವರು, ಓ, ಇವತ್ತೇನೋ ಒಳ್ಳೆ ಸುದ್ದಿ ಇದೆ ಅಂದ್ಕೊಳ್ತಾರೆ. ಹಾಂ, ಈಗ ಹೇಳ್ತೀನಿ ಕೇಳಿ. ದೊಡ್ಡವರಿಗೂ ಬಣ್ಣ ಹಚ್ಚೋದು ನಾನೇ! ಹೌದು ರೀ, ಆ ದೊಡ್ಡವರಿಗೇ, ಗೋಡೆ ಗೋಡೆ ಮೇಲೆ ಇರೋ ಮುಖಕ್ಕೇ. ಫೋಟೋದಲ್ಲಿ ಬಂಡೆ ಥರ ಇದ್ದಾರಲ್ಲ? ಇದೇ ಕೋಣೇಲಿ ಕೂತರೆ ಬರೀ ಬೆವರು. ಪಫ್ ಹತ್ತಿರ ತಂದರೆ ಕಣ್ಣು ಗಟ್ಟಿಯಾಗಿ ಮುಚ್ಕೊಂಡು, ‘ಆಯ್ತಾ? ಆಯ್ತಾ?’ ಅಂತಾರೆ, ಸೂಜಿ ಚುಚ್ಚಿಸಿಕೊಳ್ಳೋ ಮಗು ಥರ. ಒಂದು ಗದ್ದ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಏನಾಯ್ತು ಗೊತ್ತಾ? ಬೆವರಿಗೆ ಬಣ್ಣ ಎಲ್ಲಾ ಕರಗಿ ಕೆಳಗಿಳೀತು, ಮೂರನೇ ಗದ್ದ ಒಂದೇ ಮಿಣಮಿಣ ಅಂತ ದೇಶಕ್ಕೆ ಸಂದೇಶ ಕೊಡ್ತಿತ್ತು!

ಯಾಕೆ ನಗ್ತೀರಿ? ಅಯ್ಯಯ್ಯೋ, ನಗಬೇಡಿ, ನಗಬೇಡಿ... ತುಟಿ ಒಡೀತು ನೋಡಿ, ರಕ್ತ ಬಂತು. ತಪ್ಪು ನಂದೇ. ನನ್ನ ನಾಲಿಗೆಗೆ ಬೆಂಕಿ ಹಾಕ. ಈ ಹತ್ತಿ ಒತ್ತಿ ಹಿಡ್ಕೊಳ್ಳಿ. ನೀವು ನಗೋದನ್ನ ನೋಡ್ತೀನಿ ಅಂತ ಅಂದ್ಕೊಂಡೇ ಇರಲಿಲ್ಲ. ಈ ಕುರ್ಚೀಲಿ ಯಾರೂ ನಗೋದಿಲ್ಲ ಟೀಚರ್.

ಒಂದು ಮಾತು ಹೇಳಲಾ... ಬೇಡ ಅನ್ನಿಸುತ್ತೆ, ಆದರೂ ಹೇಳ್ತೀನಿ. ಮುಖಗಳು ಬರ್ತವೆ ನನಗೆ. ಮನೇಲಿ ಅನ್ನಕ್ಕೆ ನೀರಿಟ್ಟಾಗ, ಬಸ್ಸಿನ ಕಿಟಕಿ ಪಕ್ಕ ಕೂತಾಗ. ಬಣ್ಣ ಹಚ್ಚಿದ ಮೇಲಿನ ಮುಖ ಬರೋದಿಲ್ಲ, ಅದಾದರೂ ಬಂದಿದ್ದರೆ! ಹಚ್ಚೋಕೆ ಮುಂಚೆ ಹೇಗಿತ್ತೋ ಹಾಗೇ ಬರುತ್ತೆ. ಏನೂ ಕೇಳೋದಿಲ್ಲ, ಸುಮ್ಮನೆ ಗದ್ದ ಮೇಲೆತ್ತುತ್ತೆ. ನಾನು ಹೇಳಿದ ಹಾಗೆ, ಗದ್ದ ಸ್ವಲ್ಪ ಮೇಲೆ ಅಂತ ಹೇಳ್ತೀನಲ್ಲ, ಹಾಗೆ.

ಅದಿರಲಿ ಬಿಡಿ. ನಿಮಗೆ ನಾನು ಗೊತ್ತಿಲ್ಲ, ನೀವು ನನಗೆ ಗೊತ್ತು. ನಿಮ್ಮ ಶಾಲೆ ನಮ್ಮ ಬೀದೀದೇ. ಓಟು ಹಾಕಿದ ಸಂಜೆ ನಾನೂ ಅಂಗಳದಲ್ಲಿದ್ದೆ, ನಮ್ಮವರೂ ಇದ್ದರು. ಎಣಿಸಿ ಆದ ಮೇಲೆ ಎಣಿಸಿದವರು ಕಿಟಕಿ ತೆಗೆದು, ಹೊರಗೆ ನಿಂತವರಿಗೆ ಯಾರಿಗೆ ಎಷ್ಟು ಅಂತ ಓದಿ ಹೇಳಬೇಕು, ಮೊದಲಿಂದಲೂ ಹಾಗೇ ಅಲ್ವಾ. ಈ ಸಲ ಕಿಟಕಿ ತೆಗೆಯೋದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ನೀವು ಎಣಿಸೋಕೆ ಕೂರೋ ಮುಂಚೆಯೇ ಮೇಲಿಂದ ಫೋನಿನಲ್ಲಿ ಲೆಕ್ಕ ಬಂದಿದೆ ಅಂತಾನೂ ಗೊತ್ತಿತ್ತು. ಆದರೂ ಜನ ನಿಂತಿದ್ದರು. ಯಾಕೆ ನಿಂತಿದ್ದೀರಿ ಅಂತ ಪೊಲೀಸಿನವನು ಕೇಳಿದರೆ ಒಬ್ಬ, ಬಸ್ಸಿಗೆ ಕಾಯ್ತಿದ್ದೀನಿ ಅಂದ. ಶಾಲೆ ಅಂಗಳಕ್ಕೆ ಬಸ್ಸು!

ಆಗ ಕಿಟಕಿ ತೆರೀತು. ನೀವು! ಮಕ್ಕಳಿಗೆ ಮಗ್ಗಿ ಹೇಳಿಕೊಡೋ ದನೀಲಿ ಓದಿದ್ರಿ. ದೊಡ್ಡವರಿಗೆ ಇಷ್ಟು. ಎದುರಿನವರಿಗೆ ಇಷ್ಟು. ಎರಡರಷ್ಟು, ಎದುರಿನವರಿಗೆ ಎರಡರಷ್ಟು! ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನಿಂದ ಒಬ್ಬ ಅಜ್ಜ, ಕಿವಿ ಮಂದ, ‘ಕೇಳಿಸಲಿಲ್ಲ, ಇನ್ನೊಂದ್ಸಲ ಓದಮ್ಮ’ ಅಂದ. ನೀವು ಇನ್ನೊಂದ್ಸಲ ಓದಿದ್ರಿ. ಅದೇ ನಿಮ್ಮನ್ನ ಕೆಡಿಸಿದ್ದು ಟೀಚರ್! ಒಂದೇ ಸಲ ಓದಿದ್ದಿದ್ರೆ ಬಾಯಿ ತಪ್ಪಿ ಬಂತು ಅನ್ನಬಹುದಿತ್ತು. ಎರಡು ಸಲ ಯಾರಿಗೆ ಬಾಯಿ ತಪ್ಪುತ್ತೆ?

ಈಗ ಅವರು ಕೇಳೋದಾದರೂ ಏನು? ‘ಅವತ್ತು ನಾನು ಓದಿದ್ದು ಸುಳ್ಳು, ಹೊರದೇಶದವರು ನನ್ನ ಕೈಲಿ ಓದಿಸಿದರು, ಕ್ಷಮಿಸಿ’ ಅಂತ. ಅಷ್ಟೇ ತಾನೆ! ಎರಡು ನಿಮಿಷದ ಮಾತು. ಯಾರು ನಂಬ್ತಾರೆ? ಒಬ್ಬರೂ ನಂಬೋದಿಲ್ಲ. ಒಬ್ಬರೂ ನಂಬೋದಿಲ್ಲ ಅಂತ ಅವರಿಗೂ ಗೊತ್ತು. ಮತ್ಯಾಕೆ ಬೇಕು ಅಂತೀರಾ? ನನಗೇನು ಗೊತ್ತು, ನಾನು ಮೇಕಪ್ಪಿನವಳು. ನೀವು ಓದಿಬಿಡಿ, ಅಷ್ಟೇ. ನಿಮಗೊಬ್ಬಳು ಮಗಳಿದ್ದಾಳಂತಲ್ಲ? ಅಮ್ಮ ಯಾವಾಗ ಬರ್ತಾಳೆ ಅಂತ ಯಾರನ್ನ ಕೇಳುತ್ತೆ ಅದು? ಹಠ ಮಾಡೋಕೂ ಒಂದು ಮಿತಿ ಇರುತ್ತೆ ತಾಯಿ. ತಪ್ಪು ತಿಳ್ಕೋಬೇಡಿ, ನಿಮ್ಮಕ್ಕ ಹೇಳಿದ ಹಾಗೆ ಅಂತ ಹೊಟ್ಟೆಗೆ ಹಾಕ್ಕೊಳ್ಳಿ.

ಎಲ್ಲರೂ ಓದಿದ್ದಾರೆ. ಓದಿದ್ದಾರೆ, ಮನೆಗೆ ಹೋಗಿದ್ದಾರೆ. ನಿಜ! ನಮಗೆ ಹೆಸರು ಗಿಸರು ಹೇಳೋದಿಲ್ಲ, ಮುಖ ಮಾತ್ರ ಕಳಿಸ್ತಾರೆ. ಉದ್ದ ಜಡೆ ಹುಡುಗಿ ಒಬ್ಬಳು ಬಂದಿದ್ದಳು, ಕಾಲೇಜಿನವಳು. ಓದಿದಳು, ಹೋದಳು. ಈಗ ಮದುವೆ ಗೊತ್ತಾಗಿದೆಯಂತೆ. ಅವಳಿಗಿಂತ ಮುಂಚೆ ಒಬ್ಬ ವಕೀಲರು, ಎತ್ತರದ ಆಳು, ಈ ಬಾಗಿಲಲ್ಲಿ ಬಗ್ಗಿ ಒಳಗೆ ಬಂದರು. ಮೊದಮೊದಲು ನಿಮ್ಮ ಥರಾನೇ, ತುಟಿ ಹೊಲಿದ ಹಾಗೆ. ಆಮೇಲೆ ಓದಿದರು. ಮೊನ್ನೆ ತರಕಾರಿ ಅಂಗಡೀಲಿ ಸಿಕ್ಕಿದ್ದರು! ಹೆಂಡತಿ ಜೊತೆ ಈರುಳ್ಳಿ ಆರಿಸ್ತಿದ್ರು. ‘ಏನಮ್ಮ, ನನ್ನ ಮೂಗಿಗೆ ಅಷ್ಟೊಂದು ಪೌಡರು ಮೆತ್ತಿದ್ಯಲ್ಲ, ಇನ್ನೂ ಹೋಗಿಲ್ಲ’ ಅಂತ ರೇಗಿಸಿದರು. ನಾನೂ ನಕ್ಕೆ...

ಯಾಕೆ? ಏನಾಯ್ತು? ಕೈ ಯಾಕೆ ಹಿಡ್ಕೊಂಡ್ರಿ? ವಕೀಲರು ಗೊತ್ತಾ ನಿಮಗೆ? ಪರಿಚಯಾನಾ? ಅಲ್ಲ? ನೆಂಟರಾ? ತಲೆ ಆಡಿಸ್ತೀರಿ... ಹತ್ತಿರದೋರಾ? ಇರಿ, ಇರಿ. ಮುಖ ಈ ಕಡೆ ತಿರುಗಿಸಿ, ಬೆಳಕಿಗೆ.

ಅಯ್ಯೋ ದೇವರೇ.

ಅದೇ ಮೂಗು! ನಡುವೆ ಗಂಟು, ಅಲ್ಲಿ ಪೌಡರು ನಿಲ್ಲೋದೇ ಇಲ್ಲ. ಅವತ್ತು ಆ ಮೂಗಿನ ಜೊತೆ ಅಷ್ಟು ಹೊತ್ತು ಗುದ್ದಾಡಿದವಳು ನಾನು. ಇವತ್ತು ಆಗಿನಿಂದ ಇದೇ ಗಂಟಿನ ಮೇಲೆ ಬೆರಳಾಡಿಸ್ತಾ ಇದ್ದೀನಿ, ಗೊತ್ತಾಗಲಿಲ್ಲವಲ್ಲ! ಗಾಯ ನೋಡಿ ನೋಡಿ ಮುಖ ನೋಡೋದೇ ಮರೆತುಹೋಗಿದೆ ನನಗೆ. ಅಣ್ಣನಾ? ಸ್ವಂತ ಅಣ್ಣ?

ಅಳಬೇಡಿ. ಅಳಬೇಡಿ ಟೀಚರ್, ಬಣ್ಣ ಎಲ್ಲಾ... ಅಳ್ತಿದ್ದೀರೋ ನಗ್ತಿದ್ದೀರೋ? ಅಣ್ಣ ಮನೆಗೆ ಬಂದ ಅಂತಾನಾ? ಒಳಗೆ ನಿಮಗೆ ಯಾರೂ ಏನೂ ಹೇಳಿಲ್ಲ ಅಲ್ವಾ... ಹೂಂ. ಚೆನ್ನಾಗಿದ್ದಾರೆ. ಚೆನ್ನಾಗೇ ಇದ್ದಾರೆ, ಸ್ವಲ್ಪ ಇಳಿದಿದ್ದಾರೆ ಅಷ್ಟೇ. ನೀಲಿ ಅಂಗಿ ಹಾಕಿದ್ದರು. ಹಾಂ, ನಡೀತಿದ್ದರು, ಚೆನ್ನಾಗಿ ನಡೀತಿದ್ದರು, ಚೀಲ ಅವರ ಕೈಲೇ ಇತ್ತು... ಕೈ ಬಿಡಿ ಟೀಚರ್. ನೋಯುತ್ತೆ. ಅಷ್ಟು ಸಂತೋಷದಿಂದ ನೋಡಬೇಡಿ ನನ್ನ. ಬೇರೆ ಹೇಗೆ ಬೇಕಾದರೂ ನೋಡಿ, ಹಾಗೆ ಮಾತ್ರ... ಆಗೋದಿಲ್ಲ ನನಗೆ, ಆಗೋದಿಲ್ಲ!

ಸಿಕ್ಕಿಲ್ಲ. ತರಕಾರಿ ಅಂಗಡೀಲಿ ನನಗೆ ಯಾರೂ ಸಿಕ್ಕಿಲ್ಲ.

ನಿಮ್ಮ ಅತ್ತಿಗೆ ದಿನಾ ಬೆಳಿಗ್ಗೆ ನಮ್ಮ ಟಿವಿ ಸ್ಟೇಷನ್ನಿನ ಗೇಟಿನಲ್ಲಿ ನಿಂತಿರ್ತಾರೆ. ನಿಮ್ಮ ಅತ್ತಿಗೆ ಅಂತ ನನಗೆ ಈಗ ತಾನೆ ಗೊತ್ತಾಗಿದ್ದು. ಒಳಗೆ ಹೋಗೋ ಒಬ್ಬೊಬ್ಬರನ್ನೂ ಕೇಳ್ತಾರೆ, ಟಿವೀಲಿ ಓದಿದರಲ್ಲ, ಈಗ ಎಲ್ಲಿದ್ದಾರೆ ಅಂತ. ನನ್ನನ್ನೂ ಕೇಳಿದರು. ನಾನು ಚೀಲದಲ್ಲಿ ಏನೋ ಹುಡುಕೋ ಹಾಗೆ ತಲೆ ತಗ್ಗಿಸಿ ಒಳಗೆ ಬಂದುಬಿಟ್ಟೆ. ಜಡೆ ಹುಡುಗೀನೂ ಮನೆಗೆ ಹೋಗಿಲ್ಲ ಟೀಚರ್. ಮದುವೆ ಎಲ್ಲಾ ಸುಳ್ಳು, ನಾನೇ ಕಟ್ಟಿದ್ದು. ಓದಿದವರು ಒಬ್ಬರೂ... ಓದೋವರೆಗೂ ಅವರು ಬೇಕು, ಮುಖ ಬೇಕು, ಬಾಯಿ ಬೇಕು. ಓದಿದ ಮೇಲೆ ಏತಕ್ಕೆ?

ನಿಮ್ಮಣ್ಣ ಈ ಕುರ್ಚೀಲೇ ಕೂತಿದ್ದರು. ಓದಿದರೆ ಮನೆಗೆ ಬಿಡ್ತಾರಾ ಅಂತ ನನ್ನ ಕೇಳಿದರು. ವಕೀಲರು, ಅಷ್ಟು ಓದಿದವರು, ಮೇಕಪ್ಪಿನವಳನ್ನ ಕೇಳ್ತಾರೆ! ಬಿಡ್ತಾರೆ ಅಣ್ಣ, ಖಂಡಿತ ಬಿಡ್ತಾರೆ ಅಂದೆ. ನನ್ನಾಣೆಗೂ ಆಗ ನನಗೂ ಹಾಗೇ ಅನ್ನಿಸಿತ್ತು. ಎದ್ದು ಹೋಗೋವಾಗ ಥ್ಯಾಂಕ್ಸ್ ಅಂದರು.

ಬೈಯಿರಿ. ಉಗೀರಿ ನನ್ನ ಮುಖಕ್ಕೆ! ಯಾಕೆ ಹೀಗೆ ಮಾಡಿದೆ ಅಂತ ಕೇಳಿ! ಕೇಳೋದಿಲ್ಲ. ಕೇಳದೇ ಇದ್ದರೆ ಹೇಳೋದು ಹೇಗೆ ನಾನು... ಹೇಳ್ತೀನಿ. ನಮ್ಮವರೂ ಇದ್ದರು ಅಂದೆನಲ್ಲ, ಅಂಗಳದಲ್ಲಿ? ನಮ್ಮವರು ಇಲ್ಲೇ ರೇಡಿಯೋದಲ್ಲಿ, ಸೌಂಡಿನ ಕೆಲಸ. ಎಲ್ಲಿಗೆ ಹೋದರೂ ಜೇಬಿನಲ್ಲಿ ರೆಕಾರ್ಡರು, ಕಾಗೆ ಕೂಗಿದರೂ ಹಿಡ್ಕೊಳ್ಳೋರು, ಹುಚ್ಚು. ಅವತ್ತು ನೀವು ಓದಿದ್ದನ್ನೂ ಹಿಡ್ಕೊಂಡರು. ಎಂಟು ಗಂಟೆ ವಾರ್ತೆ ಶುರುವಾಗಬೇಕು, ಅದರ ಬದಲು ನಿಮ್ಮ ದನಿ ಬಂತು! ಎರಡು ಸಲಾನೂ ಬಂತು, ‘ಇನ್ನೊಂದ್ಸಲ ಓದಮ್ಮ’ ಅಂದ ಅಜ್ಜನ ದನೀನೂ ಬಂತು. ಇಡೀ ದೇಶ ಕೇಳಿತು. ನಾನು ಅಡುಗೆಮನೇಲಿ, ಅವರಿಗೆ ತಟ್ಟೆ ಇಡ್ತಾ ಕೇಳಿದೆ. ಅವರು ಊಟಕ್ಕೆ ಬರಲಿಲ್ಲ.

ನಿಮ್ಮ ಮೇಲೆ ಎಷ್ಟು ಸಿಟ್ಟಿತ್ತು ಗೊತ್ತಾ ನನಗೆ! ಈ ಹೆಂಗಸು ಬಾಯಿ ಮುಚ್ಕೊಂಡಿದ್ದರೆ ನನ್ನ ಗಂಡ ಮನೇಲಿರ್ತಿದ್ದ ಅಂತ ಹೊಟ್ಟೆ ಉರ್ಕೊಂಡಿದ್ದೀನಿ. ಆಮೇಲೆ ಇವರ ಅಧಿಕಾರಿಯೊಬ್ಬ, ತೆಳುಮೀಸೆಯವನು, ಕರೆದು ಕೂರಿಸಿ ಟೀ ಕೊಟ್ಟ. ‘ನಿಮ್ಮ ಕೈ ಒಳ್ಳೇದು, ನಿಮ್ಮ ಮಾತೂ ಒಳ್ಳೇದು. ಕುರ್ಚೀಲಿ ಕೂತವರಿಗೆ ಎರಡು ಒಳ್ಳೆ ಮಾತು ಹೇಳಿ. ಓದಿದ ದಿನ ನಿಮ್ಮ ಯಜಮಾನರನ್ನ ತೋರಿಸ್ತೀವಿ’ ಅಂದ. ಟೀಚರು ಓದಿಬಿಟ್ಟರಂತೂ ನಿಮ್ಮ ಯಜಮಾನರ ಕೇಸೇ ಇರೋದಿಲ್ಲ, ಬಿಟ್ಟೇಬಿಡ್ತೀವಿ ಅಂದ. ಅದಕ್ಕೆ ಇವತ್ತು... ನಿಮ್ಮನ್ನ...

ನಿಮ್ಮಣ್ಣ ಓದಿದ ದಿನ ತೋರಿಸಿದರು. ಗಾಜಿನ ಆಚೆ, ಆದರೆ ಮುಖಾಮುಖಿ. ಗಡ್ಡ ಬಂದಿತ್ತು. ನನ್ನ ನೋಡಿ ಮೊದಲು ಕೇಳಿದ್ದೇನು ಗೊತ್ತಾ? ಬಚ್ಚಲಮನೆ ನಲ್ಲಿ ಇನ್ನೂ ಸೋರ್ತಿದ್ಯಾ ಅಂತ! ನಾನು ಅತ್ತೆ, ನಕ್ಕೆ, ಬೈದೆ. ಜಡೆ ಹುಡುಗಿ ಓದಿದ ದಿನ ಮತ್ತೆ ಕರ್ಕೊಂಡು ಹೋದರು. ಆ ದಿನ ಗಾಜು ಬೇರೆ, ದೂರದಲ್ಲಿ ಕೂತಿದ್ದರು, ಬೆನ್ನು ಈ ಕಡೆ. ತಿರುಗೋ ಹಾಗಿಲ್ಲ, ಈಗ ನಿಯಮ ಬದಲಾಗಿದೆ ಅಂದರು. ಬೆನ್ನು ಸಾಕು ಅಂದೆ. ಬೆನ್ನು ಅವರದ್ದೇ, ಸ್ವಲ್ಪ ಬಲಕ್ಕೆ ವಾಲೋ ಭುಜ, ಅದೇ ಬಿಳಿ ಬೆರೆತ ಕೂದಲು...

ಯಾಕೆ ಹಾಗೆ ನೋಡ್ತೀರಿ? ಅವರೇ ಅಂದೆನಲ್ಲ! ಗಂಡನ ಬೆನ್ನು ಗೊತ್ತಾಗೋದಿಲ್ವಾ ಹೆಂಡತಿಗೆ?

ನಮ್ಮಲ್ಲಿ ವಿಗ್ ಮಾಡೋನೊಬ್ಬ ಇದ್ದಾನೆ. ನಾಟಕ ಕಂಪನಿಯಿಂದ ನನ್ನ ಜೊತೇಲೇ ಬಂದವನು. ಕೈ ಬಂಗಾರ, ಒಂದೇ ಒಂದು ಚಾಳಿ, ಕಿವಿ ಹಿಂದೆ ಬಣ್ಣ ಹಚ್ಚೋದು ಮರೀತಾನೆ. ಎಷ್ಟು ಸಲ ಬೈದಿದ್ದೀನಿ, ಮಾರಾಯಾ, ಕಿವಿ ಹಿಂದೇನೂ ಮನುಷ್ಯ ಇರ್ತಾನೆ ಕಣೋ ಅಂತ. ನಮ್ಮವರು ಕಪ್ಪು. ನನಗಿಂತ ಕಪ್ಪು. ಆ ಬೆನ್ನಿನವನು ಏನೋ ಸದ್ದಾಯ್ತು ಅಂತ ತಲೆ ಒಂಚೂರು ವಾಲಿಸಿದ... ಕತ್ತು ಕಪ್ಪಗಿತ್ತು. ಕಿವಿ ಹಿಂದೆ ಬೆಳ್ಳಗಿತ್ತು.

ನಾನು ಏನು ಮಾಡಿದೆ ಗೊತ್ತಾ? ಗಾಜಿಗೆ ಕೈ ಒತ್ತಿ, ‘ನಲ್ಲಿ ರಿಪೇರಿ ಆಯ್ತು ರೀ’ ಅಂದೆ. ಆ ಬೆನ್ನಿಗೆ. ಅವತ್ತೇ ಗೊತ್ತಿತ್ತು ಟೀಚರ್, ಆ ಕ್ಷಣವೇ. ಗೊತ್ತಾದ ಮೇಲೂ ಇನ್ನೊಬ್ಬರನ್ನ ಓದಿಸಿದೆ. ಮುದುಕರು, ಪೋಸ್ಟಾಫೀಸಿನವರು. ಅವರನ್ನೂ ಓದಿಸಿ, ಹೋಗಿ, ಅದೇ ಬೆನ್ನು ನೋಡಿ ಬಂದೆ. ಬೆನ್ನಾದರೂ ಇತ್ತಲ್ಲ! ಅದೂ ಬೇಡ ಅಂದರೆ ನಮ್ಮವರು ಇನ್ನಿಲ್ಲ ಅಂತ ನಾನೇ ನನ್ನ ಬಾಯಾರೆ ಹೇಳ್ಕೋಬೇಕು. ಇವತ್ತಿನವರೆಗೂ ಹೇಳಿರಲಿಲ್ಲ. ಒಬ್ಬಳೇ ಇದ್ದಾಗಲೂ ಹೇಳಿರಲಿಲ್ಲ. ವಿಗ್ಗಿನವನು ಕ್ಯಾಂಟೀನಿನಲ್ಲಿ ನನ್ನ ಮುಖ ನೋಡೋದಿಲ್ಲ. ಪಾಪ, ಅವನಿಗೂ ಯಾರ ಬೆನ್ನು ತೋರಿಸ್ತಾರೋ.

ಏನಾದರೂ ಹೇಳಿ ಟೀಚರ್. ಒಂದೇ ಒಂದು ಮಾತು. ಬೇಡವಾ?

...ಹಾಂ? ಯಾರು? ಇರು, ಡ್ರೈಯರ್ ಆರಿಸ್ತೀನಿ. ಬಾಗಿಲು ಯಾಕಪ್ಪ ಅಷ್ಟು ಬಡೀತೀಯ, ಕೇಳಿಸ್ತು! ಆಯ್ತಾ ಅಂತಾರಾ ಸಾಹೇಬರು? ಆಗಿಲ್ಲ. ಇಲ್ಲ, ಬಣ್ಣ ಖಾಲಿಯಾಗಿಲ್ಲ, ಎಲ್ಲಾ ಡಬ್ಬಿ ತುಂಬಿದೆ. ಹೊತ್ತೂ ಸಾಕಷ್ಟಿದೆ. ಅದಲ್ಲಪ್ಪ... ನಾನು ಮಾಡೋದಿಲ್ಲ ಅಂದೆ ಅಂತ ಹೇಳು. ಕೇಳಿಸಲಿಲ್ವಾ? ನಾನು ಮಾಡೋದಿಲ್ಲ.